ಮೂರೂವರೆ ಡಿಗ್ರಿ ಉಳಿಕೆ

(ಶಿವಮೊಗ್ಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತು ದಾರಿ ತಪ್ಪಿದ ಕೆಲವು ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ಓದಿದ ಇಬ್ಬರು ಹಳೆಯ ಸಹೋದ್ಯೋಗಿಗಳು ಫೋನ್ ಮಾಡಿದ್ದರು. ಯಾರದೋ ಎರಡು ಉಪನ್ಯಾಸಗಳ ಶೀರ್ಷಿಕೆ ಅಚ್ಚಿನ ಮನೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದೆ, ಸರಿಪಡಿಸಲು ಹೇಳಿ ಎಂದರು. ‘ವಿಶ್ವದ ಹಿನ್ನೆಲೆ ವಿಕಿರಣ ಮತ್ತು ತಾಲ್ಲೂಕು ಕಚೇರಿಯ ಟಿಪ್ಪಣಿ ಹಾಳೆ’ ಎಂದು ಓದಿದರೆ ಯಾರಿಗಾದರೂ ಹಾಗೆಯೇ ಅನಿಸುತ್ತದೆ. ಅಚ್ಚಿನ ತಪ್ಪೇನಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಆಮೇಲೆ ಮೂವತ್ತಮೂರು ವರ್ಷ ಕಂದಾಯ ಇಲಾಖೆಯಲ್ಲಿ ಕಡತ ಬರೆದವನು. ಮೊದಲನೆಯದು ಎರಡನೆಯದಕ್ಕೆ ಏನು ಉಪಯೋಗಕ್ಕೆ ಬಂತು ಎಂದು ಮನೆಯವರು ಕೇಳುತ್ತಲೇ ಇದ್ದರು. ನಿವೃತ್ತನಾದ ಮೇಲೆ ಸಿಕ್ಕ ಉತ್ತರವನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಊರಿಗೆ ಟಿ.ವಿ. ಬಂದ ಕಾಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಉದ್ದನೆಯ ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ ಒಬ್ಬರು ಅಂಗಳದಲ್ಲಿ ನಿಂತು ತಿರುಗಿಸುವುದು, ಇನ್ನೊಬ್ಬರು ಒಳಗಿನಿಂದ ‘ಬಂತು, ಬಂತು, ಹೋಯಿತು’ ಎಂದು ಕೂಗುವುದು. ಚಿತ್ರ ಹೋದ ಮೇಲೆ ಪರದೆಯ ತುಂಬ ಬಿಳಿ ಚುಕ್ಕೆಗಳ ಕುದಿತ, ಜೊತೆಗೆ ಜಡಿಮಳೆಯಂಥ ಸದ್ದು. ಆ ಚುಕ್ಕೆಗಳಲ್ಲಿ ನೂರಕ್ಕೆ ಒಂದರಷ್ಟು ಪಾಲು ವಿಶ್ವದ ಆರಂಭ ಕಾಲದ ಬೆಳಕಿನದು ಎನ್ನುತ್ತಾರೆ; ಹಿನ್ನೆಲೆ ವಿಕಿರಣ ಎಂದರೆ ಅದೇ. ಮಲೆನಾಡಿನ ಗುಡ್ಡಗಳ ನಡುವೆ ದೂರದರ್ಶನ ಸಿಗದಿದ್ದ ಮನೆಗೂ ಆ ಪ್ರಸಾರ ತಪ್ಪುತ್ತಿರಲಿಲ್ಲ. ನಾವು ಅದಕ್ಕೆ ‘ಏನೂ ಬರುತ್ತಿಲ್ಲ’ ಎನ್ನುತ್ತಿದ್ದೆವು. ನನ್ನ ಮಾತು ಈ ‘ಏನೂ ಬರುತ್ತಿಲ್ಲ’ ಎಂಬುದರ ಕುರಿತೇ.

1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್ ಎಂಬಲ್ಲಿ ಆರ್ನೋ ಪೆನ್ಜಿಯಸ್, ರಾಬರ್ಟ್ ವಿಲ್ಸನ್ ಎಂಬ ಇಬ್ಬರು ತರುಣರಿಗೆ ಒಂದು ದೊಡ್ಡ ಆಂಟೆನಾ ಸಿಕ್ಕಿತ್ತು. ಬೆಲ್ ಪ್ರಯೋಗಾಲಯದವರು ಎಕೋ ಎಂಬ ಬಲೂನು ಉಪಗ್ರಹದ ಸಂಕೇತ ಹಿಡಿಯಲು ಕಟ್ಟಿದ್ದು. ಆಕಾರ ಕಹಳೆಯದು, ಬಾಯಿಯ ಅಗಲ ಸುಮಾರು 20 ಅಡಿ. ಇವರಿಗೆ ಅದರಿಂದ ನಮ್ಮ ಆಕಾಶಗಂಗೆಯ ಕ್ಷೀಣ ರೇಡಿಯೊ ಅಲೆಗಳನ್ನು ಅಳೆಯುವ ಆಸೆ. ಅಳೆಯುವ ಮೊದಲು ಉಪಕರಣದ್ದೇ ಗದ್ದಲ ಎಷ್ಟು ಎಂದು ತಿಳಿದಿರಬೇಕಲ್ಲ. ರೇಡಿಯೊದವರು ಗದ್ದಲವನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳುತ್ತಾರೆ. ಆ ಮಾಪನದ ಹೆಸರು ಕೆಲ್ವಿನ್; ಅದರ ಸೊನ್ನೆ ಎಂದರೆ ನಮ್ಮ ಥರ್ಮಾಮೀಟರಿನ ಸೊನ್ನೆಗಿಂತ 273 ಡಿಗ್ರಿ ಕೆಳಗೆ.

ನೆತ್ತಿಯ ಮೇಲಿನ ಆಕಾಶಕ್ಕೆ ಮುಖ ಮಾಡಿದಾಗ ಅವರಿಗೆ ಸಿಕ್ಕ ಒಟ್ಟು ಮೊತ್ತ 6.7 ಡಿಗ್ರಿ. ಇದರಲ್ಲಿ ವಾತಾವರಣದ್ದು 2.3. ಆಂಟೆನಾದ ಲೋಹ ಮತ್ತು ನೆಲದ ಕಡೆಯಿಂದ ನುಸುಳಿ ಬರುವ ಶಾಖ, ಎರಡೂ ಸೇರಿ 0.9. ಕಳೆಯಿರಿ. ಉಳಿಯುವುದು 3.5. ಈ ಮೂರೂವರೆ ಡಿಗ್ರಿ ಯಾರ ಖಾತೆಗೂ ಸೇರದೆ ನಿಂತುಬಿಟ್ಟಿತು. ಖಜಾನೆಯ ಲೆಕ್ಕ ತಾಳೆ ಹಾಕಿದವರಿಗೆ ಆ ಸಂಕಟ ಗೊತ್ತಿರುತ್ತದೆ. ಹತ್ತು ರೂಪಾಯಿ ಕಡಿಮೆ ಬಿದ್ದರೆ ಜೇಬಿನಿಂದ ಹಾಕಿ ಮನೆಗೆ ಹೋಗಬಹುದು. ಹತ್ತು ರೂಪಾಯಿ ಹೆಚ್ಚಾಗಿ ಕುಳಿತರೆ ಆ ರಾತ್ರಿ ನಿದ್ದೆಯಿಲ್ಲ.

ಅವರು ಹುಡುಕದ ಜಾಗವಿಲ್ಲ. ನ್ಯೂಯಾರ್ಕ್ ನಗರದ ಕಡೆಗೆ ಮುಖ ಮಾಡಿ ನೋಡಿದರು, ಹೆಚ್ಚಾಗಲಿಲ್ಲ. ಋತು ಬದಲಾಯಿತು, ಗದ್ದಲ ಬದಲಾಗಲಿಲ್ಲ. 1962ರಲ್ಲಿ ಅಮೆರಿಕ ಎತ್ತರದ ಆಕಾಶದಲ್ಲಿ ಸಿಡಿಸಿದ್ದ ಪರಮಾಣು ಬಾಂಬಿನ ಪಳೆಯುಳಿಕೆ ಇರಬಹುದೇ ಎಂದು ಯೋಚಿಸಿದರು. ಹಾಗಿದ್ದರೆ ದಿನ ಕಳೆದಂತೆ ಇಳಿಯಬೇಕಿತ್ತು, ಇಳಿಯಲಿಲ್ಲ. ಆಂಟೆನಾದ ಬೆಸುಗೆಗಳ ಮೇಲೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದರು. ಒಳಗೆ ಒಂದು ಜೋಡಿ ಪಾರಿವಾಳ ಸಂಸಾರ ಹೂಡಿದ್ದವು. ಅವುಗಳ ಹಿಕ್ಕೆಯನ್ನು ತೊಳೆದು, ಪಾರಿವಾಳಗಳನ್ನು ಹಿಡಿದು, ಸಂಸ್ಥೆಯ ಟಪಾಲಿನಲ್ಲೇ ಬೇರೆ ಊರಿನ ಶಾಖೆಗೆ ಕಳುಹಿಸಿದರು. ಅವು ಹಾರಿ ಹಳೆಯ ಜಾಗಕ್ಕೇ ಬಂದು ಕುಳಿತವು. ವರ್ಗಾವಣೆಯ ಆದೇಶ ಕೈಗೆ ಬಂದ ವಾರದಲ್ಲೇ ಅದೇ ಕುರ್ಚಿಗೆ ಮರಳುವ ವಿದ್ಯೆ ನಮ್ಮ ಇಲಾಖೆಯವರು ಕಂಡುಹಿಡಿದದ್ದಲ್ಲ ಎಂದು ನನಗೆ ಸಮಾಧಾನವಾಗಿದ್ದು ಇದನ್ನು ಓದಿದಾಗ.

ಇಲ್ಲಿಯವರೆಗಿನ ಕಥೆ ಎಲ್ಲ ವಿಜ್ಞಾನ ಪುಸ್ತಕಗಳಲ್ಲೂ ಇದೆ. ನನ್ನನ್ನು ಕಾಡಿದ್ದು ಈ ಇಬ್ಬರಿಗಿಂತ ಮೊದಲು ಅದೇ ಹೋಮ್‌ಡೆಲ್‌ನಲ್ಲಿ ಕೆಲಸ ಮಾಡಿದ ಎಡ್ವರ್ಡ್ ಓಮ್ ಎಂಬ ಎಂಜಿನಿಯರ್. ಉಪಗ್ರಹ ಸಂಪರ್ಕದ ಕೆಲಸಕ್ಕಾಗಿ ಆತ ಗದ್ದಲದ ಲೆಕ್ಕ ಹಾಕಿ 1961ರಲ್ಲಿ ಪ್ರಕಟಿಸಿದ. ಬಿಡಿ ಭಾಗಗಳನ್ನೆಲ್ಲ ಕೂಡಿದರೆ 18.9 ಡಿಗ್ರಿ ಬರಬೇಕಿತ್ತು. ಆಕಾಶಕ್ಕೆ ಮುಖ ಮಾಡಿ ಅಳೆದಾಗ ಬಂದದ್ದು 22.2. ವ್ಯತ್ಯಾಸ ಮೂರು ಡಿಗ್ರಿ ಚಿಲ್ಲರೆ. ಅಂದರೆ ಮುಂದೆ ನೊಬೆಲ್ ತಂದುಕೊಟ್ಟ ಉಳಿಕೆ ಆತನ ಹಾಳೆಯ ಮೇಲೂ ಇತ್ತು. ಆದರೆ ಆತನ ಎರಡೂ ಮೊತ್ತಗಳಿಗೆ ಎರಡು ಮೂರು ಡಿಗ್ರಿಗಳ ದೋಷಮಿತಿ, ಅಂದರೆ ಅಷ್ಟು ಹೆಚ್ಚುಕಡಿಮೆ ಇರಬಹುದೆಂಬ ಅಂದಾಜು, ಇತ್ತು. ವ್ಯತ್ಯಾಸ ಆ ಮಿತಿಯೊಳಗೆ ಅಡಗಿತು. ಉಪಗ್ರಹದ ಕೆಲಸಕ್ಕೆ ಅಷ್ಟು ಸಾಕಿತ್ತು. ಕಡತ ಮುಕ್ತಾಯ.

ಓಮ್ ತಪ್ಪು ಮಾಡಿದ ಎಂದು ನಾನು ಹೇಳಲಾರೆ. ನಮ್ಮ ಕಚೇರಿಯ ಮಾನದಂಡದಲ್ಲಿ ಆತ ಉತ್ತಮ ನೌಕರ. ವಹಿಸಿದ ಕೆಲಸ ಮುಗಿಸಿದ, ದೋಷಮಿತಿಯನ್ನು ಮುಚ್ಚಿಡದೆ ಬರೆದ. ಪೆನ್ಜಿಯಸ್ ಬಳಿ ಇದ್ದು ಆತನ ಬಳಿ ಇಲ್ಲದಿದ್ದ ವಸ್ತು ಒಂದೇ: ದ್ರವ ಹೀಲಿಯಂನಲ್ಲಿ ಮುಳುಗಿಸಿಟ್ಟ ಒಂದು ಹೋಲಿಕೆಯ ಆಕರ. ಅದರ ಉಷ್ಣತೆ ನಾಲ್ಕು ಚಿಲ್ಲರೆ ಡಿಗ್ರಿ ಎಂದು ಖಚಿತವಾಗಿ ಗೊತ್ತು. ಒಂದು ಸ್ವಿಚ್ಚು ಈ ಕಡೆ ತಿರುಗಿಸಿದರೆ ಆಕಾಶ, ಆ ಕಡೆ ತಿರುಗಿಸಿದರೆ ಹೀಲಿಯಂ. ಗೊತ್ತಿರುವ ತಂಪಿನ ಪಕ್ಕದಲ್ಲಿ ಗೊತ್ತಿಲ್ಲದ್ದನ್ನು ಇಟ್ಟು ನೋಡಿದ್ದರಿಂದ ಅವರ ದೋಷಮಿತಿ ಒಂದು ಡಿಗ್ರಿಗೆ ಇಳಿಯಿತು. ಮೂರೂವರೆ ಡಿಗ್ರಿ ಅಡಗಿ ಕೂರಲು ಅಲ್ಲಿ ಜಾಗ ಸಾಲಲಿಲ್ಲ.

ಇನ್ನು ಕಚೇರಿಗೆ ಬರುತ್ತೇನೆ. ತಹಶೀಲ್ದಾರರು ನಿರ್ಧಾರ ಮಾಡುತ್ತಾರೆ ಎಂದು ಜನ ತಿಳಿದಿರುತ್ತಾರೆ. ಸಹಿ ಅವರದೇ. ಅರ್ಜಿ ಟಪಾಲಿನಲ್ಲಿ ಬಂದು, ಸಂಖ್ಯೆ ಪಡೆದು, ವಿಷಯ ನಿರ್ವಾಹಕನ, ಅಂದರೆ ಆ ವಿಷಯದ ಕಡತ ನೋಡಿಕೊಳ್ಳುವ ಗುಮಾಸ್ತನ, ಮೇಜಿಗೆ ಬರುತ್ತದೆ. ಆತ ಟಿಪ್ಪಣಿ ಹಾಳೆಯಲ್ಲಿ ‘ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ’ ಎಂದು ಆರಂಭಿಸಿ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದು ಮುಗಿಸುತ್ತಾನೆ. ನಿರ್ಧಾರವಾಗುವುದು ಈ ಎರಡು ಪದಪುಂಜಗಳ ನಡುವೆ. ಮೇಲಿನವರ ಮುಂದೆ ಸಂಜೆ ಕಡತಗಳ ರಾಶಿ ಬರುತ್ತದೆ. ವಿಷಯ ನಿರ್ವಾಹಕ ಎತ್ತಿದ ಪ್ರಶ್ನೆ ಅವರಿಗೆ ಕಾಣುತ್ತದೆ, ಎತ್ತದ ಪ್ರಶ್ನೆ ಕಾಣುವುದಿಲ್ಲ. ಅನುಮಾನ ಬಂದರೆ ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆಯುತ್ತಾರೆ. ನಾವು ಹೋಗಿ ನಿಂತಾಗ ಯಾವುದನ್ನು ಚರ್ಚಿಸಬೇಕಿತ್ತು ಎಂದು ಅವರಿಗೂ ಮರೆತಿರುತ್ತದೆ. ಸ್ಥಳ ತನಿಖೆಗೆ ಕಳುಹಿಸಿದರೆ ಗ್ರಾಮ ಲೆಕ್ಕಿಗರ (ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ) ವರದಿ, ಅದರ ಮೇಲೆ ರಾಜಸ್ವ ನಿರೀಕ್ಷಕರ ‘ವರದಿಯನ್ನು ಒಪ್ಪಿ ಸಲ್ಲಿಸಿದೆ’. ಒಬ್ಬರು ಕಣ್ಣಿನಿಂದ ನೋಡಿರುತ್ತಾರೆ, ಉಳಿದವರು ಅವರ ಅಕ್ಷರ ನೋಡಿರುತ್ತಾರೆ.

ಇದನ್ನು ಬರೀ ಸೋಮಾರಿತನ ಎಂದು ಬೈಯುವುದು ಸುಲಭ. ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸ ಹಾಗೆ ಬೈಯಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಆತ ಮಿಲ್ವಾಕಿ ನಗರದ ಮಕ್ಕಳ ಆಟದ ಮೈದಾನಗಳ ಆಡಳಿತವನ್ನು ಅಭ್ಯಾಸ ಮಾಡಲು ಹೋಗಿದ್ದ. ಅಲ್ಲಿ ಶಾಲಾ ಮಂಡಳಿಗೂ ಲೋಕೋಪಯೋಗಿ ಇಲಾಖೆಗೂ ಜಗಳ: ಇರುವ ಹಣವನ್ನು ಮೈದಾನದ ರಿಪೇರಿಗೆ ಹಾಕಬೇಕೋ ಆಟ ಆಡಿಸುವವರ ಸಂಬಳಕ್ಕೆ ಹಾಕಬೇಕೋ. ಒಂದು ಹೆಚ್ಚುವರಿ ಡಾಲರು ಎಲ್ಲಿ ಹೆಚ್ಚು ಫಲ ಕೊಡುತ್ತದೆ ಎಂದು ಎರಡೂ ಕಡೆಯವರು ಲೆಕ್ಕ ಹಾಕಿರಲಿಲ್ಲ, ಹಾಕುವ ಸಾಧ್ಯತೆಯೂ ಇರಲಿಲ್ಲ. ತಮ್ಮ ತಮ್ಮ ಇಲಾಖೆಯ ಕಿಟಕಿಯಿಂದ ಏನು ಕಾಣುತ್ತದೋ ಅದನ್ನು ಹಿಡಿದು ವಾದಿಸುತ್ತಿದ್ದರು. ಮನುಷ್ಯನ ತಿಳಿವು, ಸಮಯ, ಗಮನ ಎಲ್ಲಕ್ಕೂ ಮಿತಿ ಇರುವುದರಿಂದ ಆಡಳಿತಗಾರ ಅತ್ಯುತ್ತಮ ದಾರಿಯನ್ನು ಹುಡುಕುವುದಿಲ್ಲ, ‘ಇಷ್ಟಾದರೆ ಸಾಕು’ ಎನಿಸುವ ಮೊದಲ ದಾರಿ ಸಿಕ್ಕೊಡನೆ ಹುಡುಕಾಟ ನಿಲ್ಲಿಸುತ್ತಾನೆ ಎಂದು ಸೈಮನ್ ಮುಂದೆ ವಿವರಿಸಿದ. ಅದಕ್ಕಾಗಿ 1978ರ ಅರ್ಥಶಾಸ್ತ್ರದ ನೊಬೆಲ್ ಬಂತು. ಪೆನ್ಜಿಯಸ್ ಮತ್ತು ವಿಲ್ಸನ್ ಭೌತಶಾಸ್ತ್ರದ ನೊಬೆಲ್ ಪಡೆದದ್ದೂ 1978ರಲ್ಲಿಯೇ. ಎಲ್ಲಿ ಹುಡುಕಾಟ ನಿಲ್ಲುತ್ತದೆ ಎಂದು ತೋರಿಸಿದವನಿಗೂ, ಹುಡುಕಾಟ ನಿಲ್ಲಿಸದ ಇಬ್ಬರಿಗೂ ಒಂದೇ ವರ್ಷ ಪ್ರಶಸ್ತಿ. ಅಚ್ಚಿನ ಮನೆಯಲ್ಲಿ ಅಂಟಿಕೊಂಡಂತೆ ಕಂಡ ನನ್ನ ಶೀರ್ಷಿಕೆ ಹುಟ್ಟಿದ್ದು ಈ ಕಾಕತಾಳೀಯದಿಂದ.

ನಾನು ಎಲ್ಲಿ ನಿಲ್ಲಿಸುತ್ತಿದ್ದೆ ಎಂಬುದನ್ನು ಹೇಳಿದರೆ ಮಾತು ತಿಳಿಯಾದೀತು. ನಮ್ಮ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಭೂಮಿ ಶಾಖೆಯ ವಿಷಯ ನಿರ್ವಾಹಕನಾಗಿದ್ದಾಗ ಮಳೆಗಾಲದ ಒಂದು ದಿನ ಕಂಬಳಿ ಕೊಪ್ಪೆ ಹೊದ್ದ ಹಿರಿಯರೊಬ್ಬರು ಬಂದರು. ಪಹಣಿ ತಿದ್ದುಪಡಿಯ ಅರ್ಜಿ. ಅಣೆಕಟ್ಟಿನ ನೀರಿಗೆ ಊರು ಕಳೆದುಕೊಂಡ ಮುಳುಗಡೆಯವರು. ಕುಟುಂಬಕ್ಕೆ ಬದಲಿಯಾಗಿ ಕೊಟ್ಟ ಜಾಗದಲ್ಲಿ ಅಪ್ಪನ ಕಾಲದಿಂದ ಗದ್ದೆ ಮಾಡುತ್ತಿದ್ದಾರೆ, ಪಹಣಿಯಲ್ಲಿ ಮಾತ್ರ ಬೇರೆಯೇ ಇದೆ.

‘ಯಜಮಾನರೇ, ಮುಳುಗಡೆಯಾದ ಜಮೀನಿನ ದಾಖಲೆ ಏನಾದರೂ ಇದೆಯೇ?’ ಎಂದೆ.

‘ಮನೆಯ ಗೂಡಿನಲ್ಲಿ ಇಟ್ಟಿದ್ದರು ಸ್ವಾಮಿ. ಮನೆ ನೀರಿನಲ್ಲಿದೆ’ ಎಂದರು.

ನಾನು ಬರೆದ ಟಿಪ್ಪಣಿ ಇಂದಿಗೂ ಬಾಯಿಪಾಠ: ‘ಅರ್ಜಿದಾರರು ಸೂಕ್ತ ದಾಖಲಾತಿ ಹಾಜರುಪಡಿಸಿರುವುದಿಲ್ಲವಾದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಬಹುದಾಗಿದೆ.’ ಕಾಫಿ ಆರುವ ಮೊದಲೇ ಮುಗಿಯಿತು. ಮೇಲಿನವರು ಸಹಿ ಹಾಕಿದರು. ಅದರಲ್ಲಿ ಕಾನೂನಿನ ತಪ್ಪು ಯಾರೂ ಹುಡುಕಲಾರರು.

ಮರುವರ್ಷ ಪುನರ್ವಸು ಮಳೆಗೆ ರೆಕಾರ್ಡ್ ರೂಮಿನ ಮಾಡು ಸೋರಿತು. ಮುಕ್ತಾಯಗೊಂಡ ಕಡತಗಳ ಕಟ್ಟುಗಳು ನೆನೆದವು. ಲಾಡಿ ಬಿಚ್ಚಿ, ಹಾಳೆ ಹಾಳೆಯಾಗಿ ಸಭಾಂಗಣದ ನೆಲದ ಮೇಲೆ ಹರಡಿ ಫ್ಯಾನು ಹಾಕಿ ಒಣಗಿಸುವ ಕೆಲಸ ನನ್ನ ಪಾಲಿಗೆ ಬಂತು. ಕಪಾಟಿನಲ್ಲಿದ್ದಾಗ ಒಂದೊಂದೇ ಆಗಿದ್ದವು. ನೆಲದ ಮೇಲೆ ಒಟ್ಟಿಗೆ ಕಂಡವು. ನನ್ನ ಅಕ್ಷರದಲ್ಲಿ, ನನಗಿಂತ ಮೊದಲಿದ್ದವರ ಅಕ್ಷರದಲ್ಲಿ, ಅವರಿಗೂ ಮೊದಲಿನವರ ಬೆರಳಚ್ಚಿನಲ್ಲಿ ಅದೇ ವಾಕ್ಯ. ಹಳ್ಳಿ ಬೇರೆ, ಜಾತಿ ಬೇರೆ, ವರ್ಷ ಬೇರೆ. ಒಬ್ಬರ ಕಡತದಲ್ಲಿ ‘ಅಣ್ಣತಮ್ಮಂದಿರ ತಕರಾರು ಇರುವಂತೆ ಕಂಡುಬರುತ್ತದೆ’, ಇನ್ನೊಬ್ಬರದರಲ್ಲಿ ‘ಒತ್ತುವರಿ ಇರಬಹುದಾದ ಸಾಧ್ಯತೆ’. ಒಂದೊಂದಕ್ಕೂ ಒಂದೊಂದು ಪಾರಿವಾಳ ಹುಡುಕಿಟ್ಟಿದ್ದೆವು. ಎಣಿಸಿದೆ, ಮೂವತ್ತೇಳು. ಆಂಟೆನಾ ಯಾವ ಹೋಬಳಿಗೆ ತಿರುಗಿಸಿದರೂ ಅದೇ ಸದ್ದು ಬರುತ್ತಿದೆ ಎಂದರೆ ಅದು ಅರ್ಜಿದಾರರ ಸ್ವಭಾವದಿಂದ ಬರುವ ಸದ್ದಲ್ಲ.

ಸದ್ದಿನ ಮೂಲ ಹಳೆಯದು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ಹೋಮ್‌ಡೆಲ್‌ನ ಇಬ್ಬರು ಮೊದಲ ಸಲ ಆ ಗದ್ದಲ ಕೇಳಿದ ವರ್ಷ. ನಾವು ಇಂದಿಗೂ ಕೈಯಲ್ಲಿ ಹಿಡಿದಿರುವ ಭೂ ಕಂದಾಯ ಕಾಯಿದೆ ಜಾರಿಗೆ ಬಂದದ್ದೂ ಆ ವರ್ಷದ ಏಪ್ರಿಲ್‌ನಲ್ಲಿ; ಆಗ ಅದರ ಹೆಸರು ಮೈಸೂರು ಭೂ ಕಂದಾಯ ಕಾಯಿದೆ. ಸಾಗರ, ಹೊಸನಗರ ಸೀಮೆಯ ಊರುಗಳು ಮುಳುಗಿದವು. ಅದಕ್ಕೂ ಮೊದಲಿನ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಯಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಇಂದಿಗೂ ತಲೆ ಎತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಎಬ್ಬಿಸಿದ ಕುಟುಂಬಗಳನ್ನು ಬೇರೆ ಬೇರೆ ಕಡೆ ಕಾಡು ಕಡಿಸಿ ಕೂರಿಸಿದರು. ಗದ್ದೆಯಾಯಿತು, ತೋಟವಾಯಿತು, ಶಾಲೆಯಾಯಿತು. ಪುಸ್ತಕದಲ್ಲಿ ಮಾತ್ರ ಎಷ್ಟೋ ಕಡೆ ಅದು ಕಾಡಾಗಿಯೇ ಉಳಿಯಿತು. ಆಮೇಲೆ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂತು. ಅರಣ್ಯವೆಂದು ಬರೆದಿರುವುದನ್ನು ಬೇರೆ ಬಳಕೆಗೆ ಬಿಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಒಂದು ಸಾಲು ಬರೆದು ಸರಿಪಡಿಸಬಹುದಾದದ್ದು ದೆಹಲಿಯವರೆಗೆ ಹೋಗುವಂತಾಯಿತು. ಯಾರೋ ಎಂದೋ ಬರೆಯದೆ ಬಿಟ್ಟ ಸಾಲಿನ ಶಾಖ ಪ್ರತಿ ಸೋಮವಾರ ನಮ್ಮ ಕೌಂಟರಿಗೆ ಬರುತ್ತಿತ್ತು. ನಾವು ಅದಕ್ಕೆ ‘ಸೂಕ್ತ ದಾಖಲಾತಿ ಇಲ್ಲ’ ಎನ್ನುತ್ತಿದ್ದೆವು.

ಹೋಮ್‌ಡೆಲ್‌ನ ಸದ್ದಿಗೂ ಅಂಥ ಹಳೆಯ ಮೂಲವಿತ್ತು. ಅಷ್ಟೇನೂ ದೂರವಿಲ್ಲದ ಪ್ರಿನ್ಸ್‌ಟನ್‌ನಲ್ಲಿ ರಾಬರ್ಟ್ ಡಿಕ್ಕಿಯ ತಂಡ ಇದನ್ನೇ ಹುಡುಕಲು ಆಂಟೆನಾ ಕಟ್ಟುತ್ತಿತ್ತು. ಒಂದು ಫೋನ್ ಕರೆ ಎರಡನ್ನೂ ಜೋಡಿಸಿತು. ಇನ್ನೂ ಹಿಂದೆ, 1948ರಲ್ಲಿ, ಆಲ್ಫರ್ ಮತ್ತು ಹರ್ಮನ್ ಎಂಬಿಬ್ಬರು ಇಂಥ ಶಾಖ ಸುಮಾರು 5 ಡಿಗ್ರಿ ಇರಬೇಕೆಂದು ಲೆಕ್ಕ ಹಾಕಿ ಪ್ರಕಟಿಸಿದ್ದರು. ಆ ಕಡತ ರೆಕಾರ್ಡ್ ರೂಮಿಗೆ ಹೋಗಿತ್ತು. ಹೋಮ್‌ಡೆಲ್‌ನವರೂ ತೆಗೆದು ನೋಡಿರಲಿಲ್ಲ, ಪ್ರಿನ್ಸ್‌ಟನ್‌ನವರೂ ನೋಡಿರಲಿಲ್ಲ.

ವಿವರಣೆ ಇಷ್ಟು. ವಿಶ್ವ ಹುಟ್ಟಿದ ಆರಂಭದಲ್ಲಿ ಎಲ್ಲವೂ ಕಾದ ಮಂಜು. ಬಿಡಿ ಎಲೆಕ್ಟ್ರಾನುಗಳಿಗೆ ಬಡಿದು ಬೆಳಕು ಮುಂದೆ ಹೋಗಲಾರದು, ಆಗುಂಬೆ ಘಾಟಿಯಲ್ಲಿ ಬಸ್ಸಿನ ದೀಪ ಹೋಗದಂತೆ. ಸುಮಾರು 3,80,000 ವರ್ಷಗಳಾದಾಗ ಉಷ್ಣತೆ 3000 ಡಿಗ್ರಿಗೆ ಇಳಿದು ಪರಮಾಣುಗಳು ಕಟ್ಟಿಕೊಂಡವು, ಮಂಜು ತಿಳಿಯಾಯಿತು, ಬೆಳಕು ಹೊರಟಿತು. ಅಂದಿನಿಂದ ವಿಶ್ವ ಸುಮಾರು 1100 ಪಟ್ಟು ಹಿಗ್ಗಿದೆ, ಬೆಳಕಿನ ಅಲೆಯೂ ಅಷ್ಟೇ ಹಿಗ್ಗಿದೆ. 3000ವನ್ನು 1100ರಿಂದ ಭಾಗಿಸಿ ನೋಡಿ, 2.7 ಚಿಲ್ಲರೆ. ಇಂದು ಖಚಿತವಾಗಿ ಅಳೆದದ್ದು 2.725. ಈ ಸಭಾಂಗಣದ ಒಂದೊಂದು ಘನ ಸೆಂಟಿಮೀಟರ್ ಗಾಳಿಯಲ್ಲೂ ಬಯಲ ಆಕಾಶದಲ್ಲಿರುವಂತೆ ಆ ಬೆಳಕಿನ ಕಣಗಳು 410ರಷ್ಟು ಇರುತ್ತಿದ್ದವು, ನಡುವೆ ಸಿಮೆಂಟಿನ ಮಾಡು ಇಲ್ಲದಿದ್ದರೆ. 1989ರಲ್ಲಿ ಹಾರಿಸಿದ ಕೋಬೆ ಉಪಗ್ರಹ ಇಡೀ ಆಕಾಶವನ್ನು ಒಟ್ಟಿಗೆ ಹರಡಿ ನೋಡಿತು. ಲಕ್ಷಕ್ಕೆ ಒಂದು ಪಾಲಿನಷ್ಟು ಏರಿಳಿತ ಇರುವುದು 1992ರಲ್ಲಿ ತಿಳಿಯಿತು. ಮುಂದೆ ಗ್ಯಾಲಕ್ಸಿಗಳಾಗಿ ಬೆಳೆದದ್ದು ಆ ಏರಿಳಿತಗಳೇ. ತಾಳ್ಮೆಯಿಂದ ಹರಡಿದವರಿಗೆ ಮಾತ್ರ ಕಾಣುವಂಥದ್ದು.

ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಆಕಾಶ ಅರ್ಜಿ ಹಾಕಿಕೊಂಡು ಬೆಂಚಿನ ಮೇಲೆ ಕಾಯುವುದಿಲ್ಲ. ಅದರ ಬಸ್ಸು ತಪ್ಪುವುದಿಲ್ಲ. ಪೆನ್ಜಿಯಸ್ ಮತ್ತು ವಿಲ್ಸನ್‌ಗೆ ಒಂದು ವರ್ಷ ಒಂದೇ ಕಡತ; ವಿಷಯ ನಿರ್ವಾಹಕನಿಗೆ ಒಂದು ದಿನಕ್ಕೆ ಹತ್ತಾರು. ಸಕಾಲ ಕಾಯಿದೆ ಬಂದ ಮೇಲೆ ದಿನಗಳ ಲೆಕ್ಕವೂ ಇದೆ. ಗಡುವು ಒಳ್ಳೆಯದೇ, ಆದರೆ ಕೊನೆಯ ದಿನ ಒಂದು ಕಾಗದ ಕಡಿಮೆ ಇದೆ ಎಂದು ತಿರಸ್ಕರಿಸಿದರೂ ಗಡುವಿನ ಲೆಕ್ಕದಲ್ಲಿ ವಿಲೇವಾರಿಯೇ. ಯಾವ ಉಳಿಕೆಯನ್ನು ಹಿಡಿದು ಕೂರಬೇಕು, ಯಾವುದನ್ನು ಬಿಡಬೇಕು ಎಂದು ಸೈಮನ್ ಹೇಳಿದ ಆ ‘ಸಾಕು’ ದಿನಕ್ಕೆ ಐವತ್ತು ಸಲ ಕೇಳುತ್ತದೆ. ನಾನು ಮಾಡಿಕೊಂಡ ಏರ್ಪಾಡು ಬಹಳ ಸಣ್ಣದು. ಅರ್ಜಿ ಮುಕ್ತಾಯಗೊಳಿಸುವಾಗ, ಅರ್ಜಿದಾರ ಹೇಳಿದ್ದರಲ್ಲಿ ಯಾವ ಅಂಶಕ್ಕೆ ನಮ್ಮಲ್ಲಿ ಉತ್ತರವಿಲ್ಲ ಎಂಬುದನ್ನು ಟಿಪ್ಪಣಿಯ ಕೊನೆಗೆ ‘ಉಳಿಕೆ’ ಎಂದು ಬರೆದು ಒಂದು ಸಾಲು ಸೇರಿಸತೊಡಗಿದೆ. ಒಬ್ಬ ಅಧಿಕಾರಿ ಕರೆದು ‘ಇದೇನು, ಅಡುಗೆಮನೆಯ ಲೆಕ್ಕವೇ?’ ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಅವರ ನಂತರ ಬಂದವರು ಏನೂ ಹೇಳಲಿಲ್ಲ. ಓದಿದರೋ ಇಲ್ಲವೋ ತಿಳಿಯದು.

ಪ್ರಶ್ನೆಗಳ ಸಮಯದಲ್ಲಿ ಒಬ್ಬ ತರುಣ ಎದ್ದು, ತಾನು ಗ್ರಾಮ ಆಡಳಿತ ಅಧಿಕಾರಿ ಎಂದು ಪರಿಚಯಿಸಿಕೊಂಡರು. ‘ಮಳೆಗಾಲದಲ್ಲಿ ಎರಡು ದಿನದೊಳಗೆ ನಲವತ್ತು ಮನೆ ನೋಡಿ ಪೂರ್ಣ ಹಾನಿ, ಭಾಗಶಃ ಹಾನಿ ಎಂದು ಬರೆಯಬೇಕು ಸರ್. ಇಂದು ನಿಂತಿರುವ ಮಣ್ಣಿನ ಗೋಡೆ ನಾಳೆ ಬೀಳುತ್ತದೆ. ನಾನು ಹೀಲಿಯಂ ಎಲ್ಲಿಂದ ತರಲಿ?’

ಸಭೆ ನಕ್ಕಿತು, ನಾನೂ ನಕ್ಕೆ. ನಾನು ಮಾಡುತ್ತಿದ್ದದ್ದನ್ನು ಹೇಳಿದೆ. ಊರಿಗೆ ಹೋದ ಕೂಡಲೇ ಅರ್ಜಿ ಹಾಕಿದವರ ಮನೆಗೆ ಹೋಗುತ್ತಿರಲಿಲ್ಲ. ಅದೇ ಕೇರಿಯಲ್ಲಿ ಅದೇ ಮಣ್ಣಿನಿಂದ ಕಟ್ಟಿದ, ಅರ್ಜಿ ಹಾಕದ ಒಂದು ಹಳೆಯ ಮನೆಯನ್ನು ಮೊದಲು ನೋಡುತ್ತಿದ್ದೆ. ಗೋಡೆಯ ಬುಡ ಮುಟ್ಟಿ, ತೇವ ಎಷ್ಟು ಎತ್ತರಕ್ಕೆ ಏರಿದೆ ಎಂದು ಗೇಣಿನಲ್ಲಿ ಅಳೆದು ಬರೆದುಕೊಳ್ಳುತ್ತಿದ್ದೆ. ಆಮೇಲೆ ಉಳಿದವು. ಆ ತೇವಕ್ಕಿಂತ ಎರಡು ಗೇಣು ಮೇಲಿದ್ದರೆ, ಗೋಡೆ ನಿಂತಿದ್ದರೂ ‘ಮೂರು ದಿನ ಬಿಟ್ಟು ಮರುಪರಿಶೀಲನೆ’ ಎಂದು ಬರೆಯುತ್ತಿದ್ದೆ. ಮರಳಿ ಹೋಗುವುದು ಎಲ್ಲ ಸಲವೂ ಆಗುತ್ತಿರಲಿಲ್ಲ ಎಂಬುದನ್ನೂ ಹೇಳಿದೆ.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಮಹಿಳೆಯೊಬ್ಬರದು. ‘ಆ ಮೂವತ್ತೇಳು ಕಡತ ಏನಾದವು?’

ಎಲ್ಲವನ್ನೂ ಸೇರಿಸಿ ಒಂದೇ ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಿದ್ದೆ. ‘ನಿಯಮಾನುಸಾರ ಪರಿಶೀಲಿಸಿ’ ಎಂಬ ಷರಾದೊಂದಿಗೆ ಮರಳಿ ಬಂತು. ಪರಿಶೀಲಿಸಿದಾಗ ಒಂಬತ್ತು ಕುಟುಂಬಗಳ ಜಾಗ ಕಂದಾಯ ಭೂಮಿಯೇ ಎಂದೂ, ಸಾಗುವಳಿ ಚೀಟಿಯ ನಕಲು ಕಚೇರಿಯಲ್ಲೇ ಇದೆ ಎಂದೂ ತಿಳಿಯಿತು. ಅವರಿಗೆ ಪಹಣಿಯಾಯಿತು. ಕಂಬಳಿ ಕೊಪ್ಪೆಯ ಹಿರಿಯರು ಆ ಒಂಬತ್ತರಲ್ಲಿ ಇರಲಿಲ್ಲ. ಅವರದು ಅರಣ್ಯದ ಸರ್ವೆ ನಂಬರು. ಕಳೆದ ತಿಂಗಳು ನನ್ನ ಪಿಂಚಣಿಯ ಕೆಲಸಕ್ಕೆ ಆ ಊರಿಗೆ ಹೋದಾಗ ಹಳೆಯ ಶಾಖೆಯಲ್ಲಿ ಒಂದು ನಿಮಿಷ ನಿಂತೆ. ಈಗಿನ ವಿಷಯ ನಿರ್ವಾಹಕಿ ಕಪಾಟು ತೆರೆದು ಕಟ್ಟನ್ನು ತೋರಿಸಿದರು. ನೀರಿನ ಕಲೆ ಹಾಗೆಯೇ ಇತ್ತು. ಮೇಲಿನ ರಟ್ಟಿನ ಮೇಲೆ ನನ್ನ ಅಕ್ಷರದಲ್ಲಿ ‘ಉಳಿಕೆ – 28’ ಎಂದಿತ್ತು. ಅದನ್ನು ಹೊಡೆದು, ಕೆಳಗೆ ಬೇರೆ ಬೇರೆ ಕೈಗಳಲ್ಲಿ 28, 27, ಮತ್ತೆ 31 ಎಂದು ಬರೆದಿದ್ದರು.